ಮಾಸ್ಕೋ ನಗರದ ಹಳೆಯ ಕೇರಿಗಳು

ಒಂದು ಪಟ್ಟಣವು ದೊಡ್ಡದಾಯಿತೆಂದು ಕೇಳಿದಾಗ ನಮ್ಮ ಮನಸ್ಸಿಗೆ ತೋರುವುದು ಅದರ ರಾಜಬೀದಿಗಳು, ಉಪ್ಪರಿಗೆಗಳು, ದೀಪದ ಸಾಲುಗಳು. ಹಾಗೆ ಬೆಳೆಯುವಾಗ ದಾರಿಯಲ್ಲಿ ಸಿಕ್ಕಿದ ಹಳ್ಳಿಗಳ ಗತಿ ಏನಾಯಿತು, ಅಲ್ಲಿ ಒಲೆ ಹೂಡಿ ಬಾಳಿದ ಸಂಸಾರಗಳು ಎಲ್ಲಿಗೆ ಹೋದುವು ಎಂದು ವಿಚಾರಿಸುವವರು ಕಡಮೆ. ಈ ತಿಂಗಳು ನಾವು ರಷ್ಯಾ ದೇಶದ ರಾಜಧಾನಿಯಾದ ಮಾಸ್ಕೋ ನಗರವನ್ನು ಈ ದೃಷ್ಟಿಯಿಂದ ನೋಡಬೇಕೆಂದಿದ್ದೇವೆ. ಅರಸರ ಕಥೆಯನ್ನು ಚರಿತ್ರಕಾರರಿಗೆ ಬಿಟ್ಟು, ನಾವು ಅಲ್ಲಿಯ ಹಳೆಯ ಕೇರಿಗಳನ್ನೂ ಹೊರವಲಯದ ಹಳ್ಳಿಗಳನ್ನೂ ಒಮ್ಮೆ ಸುತ್ತಿ ಬರೋಣ.

ಮಾಸ್ಕೋವಿನ ಹೆಸರು ಆ ದೇಶದ ಪುರಾತನ ವೃತ್ತಾಂತಗಳಲ್ಲಿ ಮೊದಲು ಕಾಣುವುದು 1147ನೆಯ ಇಸವಿಯಲ್ಲಿ. ಆ ಮೇಲೆ ಊರು ಬೆಳೆದುದು ಮರದ ಕಾಂಡದೊಳಗಣ ಬಳೆಗಳಂತೆ, ಒಂದರ ಸುತ್ತಲೂ ಮತ್ತೊಂದಾಗಿ. ನಡುವೆ ಕ್ರೆಮ್ಲಿನ್ ಕೋಟೆ. ಅದರ ಕೆಂಪು ಇಟ್ಟಿಗೆಯ ಗೋಡೆಗಳನ್ನು 1485ರಿಂದ 1495ರವರೆಗೆ ಇಟಲಿ ದೇಶದಿಂದ ಕರೆಸಿದ ಶಿಲ್ಪಿಗಳು ಕಟ್ಟಿದರು. ಕೋಟೆಯ ಮೂಡಲಿಗೆ ವರ್ತಕರ ಪೇಟೆಯಾದ ಕಿತಾಯ್-ಗೊರೋದ್. ಅದಕ್ಕೆ 1535ರಿಂದ 1538ರೊಳಗಾಗಿ ಬೇರೊಂದು ಗೋಡೆ ಎದ್ದಿತು. ಈ ಎರಡನ್ನೂ ಬಳಸಿ ಬೇಲಿ ಗೊರೋದ್, ಎಂದರೆ ಬಿಳಿಯ ಪಟ್ಟಣ. 1591ರಲ್ಲಿ ಕ್ರೈಮಿಯದ ಖಾನನು ಸೇನೆಯೊಡನೆ ಊರ ಬಾಗಿಲಿಗೆ ಬಂದುದರಿಂದ, ಎಲ್ಲಕ್ಕೂ ಹೊರಗೆ ಮಣ್ಣಿನ ದಿಣ್ಣೆಯನ್ನೂ ಮರದ ಗೋಡೆಯನ್ನೂ ಅವಸರವಸರವಾಗಿ ಎತ್ತಿದರು.

ಈ ಗೋಡೆಗಳಲ್ಲಿ ಕ್ರೆಮ್ಲಿನಿನದು ಇಂದಿಗೂ ಇಡಿಯಾಗಿ ನಿಂತಿದೆ. ಬಿಳಿಯ ಗೋಡೆಯನ್ನು ಹದಿನೆಂಟನೆಯ ಶತಮಾನದಲ್ಲಿ ಕೆಡವಿ, ಅದರ ಜಾಗದಲ್ಲಿ ಸಾಲುಮರಗಳ ಬೀದಿಯನ್ನು ಮಾಡಿದರು. ಮಣ್ಣಿನ ದಿಣ್ಣೆಯನ್ನು 1812ರ ಮಹಾಗ್ನಿಯ ತರುವಾಯ ಸಮಮಾಡಿ, ಅಲ್ಲಿ ಮನೆ ಕಟ್ಟುವವರು ಮುಂದುಗಡೆ ತೋಟ ಬೆಳೆಸಬೇಕೆಂದು ಗೊತ್ತುಮಾಡಿದರು. ಆದುದರಿಂದ ಆ ಸುತ್ತುಬೀದಿಗೆ ತೋಟದ ಬೀದಿಯೆಂದು ಹೆಸರಾಯಿತು. 1930ರ ದಶಕದಲ್ಲಿ ಬೀದಿಯನ್ನು ಅಗಲಿಸುವುದಕ್ಕಾಗಿ ಆ ಮರಗಳನ್ನೂ ಕಡಿದರು. ತೋಟಗಳು ಹೋದರೂ ಹೆಸರು ಮಾತ್ರ ಹೋಗಲಿಲ್ಲ.

ಈ ಬಳೆಗಳ ನಡುವೆ ಜನರು ನೆಲಸಿದ್ದು ಸ್ಲೊಬೊದಾ ಎಂಬ ಕೇರಿಗಳಲ್ಲಿ. ಸ್ವಾತಂತ್ರ್ಯವೆಂಬ ಅರ್ಥದ ರಷ್ಯನ್ ಪದಕ್ಕೂ ಇದಕ್ಕೂ ಮೂಲವು ಒಂದೇ. ಅರಮನೆಗೆ ಬೇಕಾದ ಒಂದೊಂದು ಕೆಲಸವನ್ನು ವಹಿಸಿಕೊಂಡ ಕಸಬಿನವರಿಗೆ ಸಾಮಾನ್ಯ ತೆರಿಗೆಗಳಿಂದ ವಿನಾಯಿತಿಯನ್ನು ಕೊಟ್ಟು, ಒಂದೆಡೆ ಮನೆ ಕಟ್ಟಿಕೊಳ್ಳಲು ಬಿಡುತ್ತಿದ್ದರು. ಕುಂಬಾರರದು ಗೊಂಚಾರ್ನಾಯಾ. ನದಿಯಾಚೆಯ ಕಾದಶಿಯಲ್ಲಿಯೂ, ಪಡುವಣ ದಿಕ್ಕಿನ ಖಾಮೊವ್ನಿಕಿಯಲ್ಲಿಯೂ ಅರಮನೆಗೆ ನಾರುಬಟ್ಟೆ ನೇಯುವವರಿದ್ದರು. ಪರದೇಶದ ರಾಯಭಾರಿಗಳ ಮಾತನ್ನು ತಿಳಿಯಹೇಳುವ ದುಭಾಷಿಗಳ ಕೇರಿ ತೊಲ್ಮಾಚಿ. ಖಾಮೊವ್ನಿಕಿಯಲ್ಲಿ 1882ರಲ್ಲಿ ಒಂದು ಮರದ ಮನೆಯನ್ನು ಕೊಂಡುಕೊಂಡು, 1901ರವರೆಗೂ ಚಳಿಗಾಲಗಳನ್ನು ಕಳೆದ ಗೃಹಸ್ಥನೊಬ್ಬನ ಹೆಸರು ನಮ್ಮ ವಾಚಕರಿಗೆ ಪರಿಚಿತವಾದುದೇ. ಆತನೇ ಟಾಲ್‌ಸ್ಟಾಯ್ ಮಹಾಶಯ. ಆ ಮನೆಯು ಈಗ ವಸ್ತುಸಂಗ್ರಹಾಲಯವಾಗಿದೆ.

ಗೃಹಿಣಿಯರಿಗೆ ವಿನೋದವಾಗಿ ತೋರಬಹುದಾದ ಕೇರಿಯೊಂದುಂಟು. ಅದೇ ಅರಮನೆಯ ಅಡಿಗೆಯವರದು. ಅದರ ಹಿರಿಯ ಬೀದಿಗೆ ಪೊವರ್ಸ್ಕಾಯಾ, ಎಂದರೆ ಬಾಣಸಿಗರ ಬೀದಿ, ಎಂದು ಹೆಸರು. ಆಸುಪಾಸಿನ ಓಣಿಗಳಲ್ಲಿ ಖ್ಲೆಬ್ನಿ ಎಂಬುದು ರೊಟ್ಟಿಯ ಓಣಿ; ಸ್ಕಾತೆರ್ತ್ನಿ ಎಂಬುದು ಊಟದ ಮೇಜಿಗೆ ಹಾಸುವ ವಸ್ತ್ರದ ಓಣಿ; ಸ್ತೊಲೋವಿ ಎಂಬುದು ಊಟದ ಮೇಜಿನದು; ನೊಝೋವಿ ಎಂಬುದು ಚೂರಿಯದು. ಒಂದು ಔತಣಕ್ಕೆ ಬೇಕಾದ ಸಾಹಿತ್ಯವೆಲ್ಲವೂ ಓಣಿಗಳ ಹೆಸರಿನಲ್ಲಿಯೇ ಅಣಿಯಾಗಿದೆ. ರಾಜಧಾನಿಯು ಹದಿನೆಂಟನೆಯ ಶತಮಾನದ ಆದಿಯಲ್ಲಿ ಪೀಟರ್ಸ್‌ಬರ್ಗಿಗೆ ಹೋದಾಗ ಆ ಅಡಿಗೆಯ ಮನೆತನಗಳ ಕೆಲಸ ತಪ್ಪಿತು. ಅವರಿದ್ದ ಜಾಗದಲ್ಲಿ ಸರದಾರರ ಸೌಧಗಳು ಎದ್ದುವು. 1923ರಲ್ಲಿ ಸೋವಿಯತ್ ಸರಕಾರವು ಪೊವರ್ಸ್ಕಾಯಾ ಬೀದಿಗೆ, ಅದೇ ವರ್ಷ ಕೊಲೆಗೀಡಾದ ರಾಯಭಾರಿ ವೊರೊವ್ಸ್ಕಿಯ ಹೆಸರನ್ನಿಟ್ಟಿತು. 1990ರ ದಶಕದಲ್ಲಿ ಬಾಣಸಿಗರ ಹೆಸರು ಮರಳಿ ಬಂದಿತು.

ಪರದೇಶದವರಿಗೂ ಒಂದು ಕೇರಿಯಿದ್ದಿತು. 1652ರಲ್ಲಿ ಜಾರ್ ಅಲೆಕ್ಸಿ ಮಿಖಾಯ್ಲೊವಿಚನು, ಪಶ್ಚಿಮ ದೇಶಗಳಿಂದ ಬಂದವರೆಲ್ಲರೂ ಊರ ನಡುವೆ ವಾಸಿಸುವುದನ್ನು ಬಿಟ್ಟು ಯಾವುಜಾ ನದಿಯ ದಡದಲ್ಲಿ ಬೇರೆಯಾಗಿ ನೆಲಸಬೇಕೆಂದು ಆಜ್ಞೆಮಾಡಿದನು. ಇದಕ್ಕೆ ನೆಮೆತ್ಸ್ಕಾಯಾ ಸ್ಲೊಬೊದಾ ಎಂದು ಹೆಸರು. ಈಗ ಆ ಪದಕ್ಕೆ ಜರ್ಮನರ ಕೇರಿ ಎಂದರ್ಥವಾದರೂ, ಮೂಲದಲ್ಲಿ ಅದು ಮೂಕರೆಂಬ ಅರ್ಥದಿಂದ ಬಂದುದು. ರಷ್ಯನ್ ಭಾಷೆ ಬಾರದವರೆಲ್ಲರೂ ಊರವರ ಎಣಿಕೆಯಲ್ಲಿ ಮೂಕರೇ! ದೂರವಿಟ್ಟ ಈ ಕೇರಿಗೆ ಅಲೆಕ್ಸಿಯ ಮಗನಾದ ಪೀಟರನು ಎಳೆಯ ವಯಸ್ಸಿನಲ್ಲಿಯೇ ಹೋಗಿಬರತೊಡಗಿ, ಜಿನೀವದವನಾದ ಲೆಫೊರ್ತನ ಸ್ನೇಹವನ್ನು ಸಂಪಾದಿಸಿದನು. ಯಾವುಜಾ ದಡದ ಲೆಫೊರ್ತೊವೊ ಬಡಾವಣೆಗೆ ಆ ಸ್ನೇಹಿತನ ಹೆಸರೇ ನಿಂತಿದೆ.

ಇನ್ನು ಊರ ಹೊರಗಣ ಹಳ್ಳಿಗಳಿಗೆ ಬರೋಣ. ದಕ್ಷಿಣದಲ್ಲಿ ನದಿಯ ಎತ್ತರದ ದಡದ ಮೇಲೆ ಕೊಲೊಮೆನ್ಸ್ಕೊಯೆ ಎಂಬ ಹಳ್ಳಿ. 1532ರಲ್ಲಿ ಮುಗಿದ ಅಲ್ಲಿಯ ಕಲ್ಲಿನ ದೇವಾಲಯವು 1994ರಿಂದ ವಿಶ್ವಪರಂಪರೆಯ ಪಟ್ಟಿಯಲ್ಲಿದೆ. ಅದೇ ಹಳ್ಳಿಯಲ್ಲಿ ಜಾರ್ ಅಲೆಕ್ಸಿಯು ಮರದ ಅರಮನೆಯೊಂದನ್ನು ಕಟ್ಟಿಸಿದ್ದನು. ನೋಡಿದವರು ಅದನ್ನು ಎಂಟನೆಯ ಅದ್ಭುತವೆಂದು ಹೊಗಳಿದರು. ನೂರು ವರ್ಷಗಳಲ್ಲಿ ಅದು ಜೀರ್ಣವಾಗಲು, ರಾಣಿ ಕ್ಯಾಥರೀನಳು ಅದರ ಮಾದರಿಯನ್ನು ಮಾಡಿಸಿಟ್ಟು ಬಳಿಕ ಬಿಚ್ಚಿಸಿಬಿಟ್ಟಳು. ಪಕ್ಕದಲ್ಲಿ ದ್ಯಾಕೊವೊ ಎಂಬ ಗ್ರಾಮ. ಅಲ್ಲಿಯ ಜನರು ತೋಟಗಾರಿಕೆಯವರು. ಅಲ್ಲಿ ಅಗೆದಾಗ ಸಿಕ್ಕಿದ ಕುರುಹುಗಳು ಎಷ್ಟು ಹಳೆಯವೆಂದರೆ, ಕಬ್ಬಿಣದ ಯುಗದ ಒಂದು ಜನಸಂಸ್ಕೃತಿಗೇ ವಿದ್ವಾಂಸರು ಆ ಗ್ರಾಮದ ಹೆಸರನ್ನಿಟ್ಟಿದ್ದಾರೆ. ಇಂತಹ ಗ್ರಾಮವನ್ನು 1980ರ ದಶಕದಲ್ಲಿ ತೆರವುಮಾಡಿ, ಒಕ್ಕಲುಗಳನ್ನು ಬಹುಮಹಡಿಯ ಕಟ್ಟಡಗಳಿಗೆ ಸಾಗಿಸಿದರು. 2010ರಲ್ಲಿ, ಹಿಂದೆ ಬಿಚ್ಚಿದ ಅರಮನೆಯ ಪ್ರತಿಕೃತಿಯು ಆ ಗ್ರಾಮವಿದ್ದ ಕಡೆಯಲ್ಲಿಯೇ ಹೊಸದಾಗಿ ಎದ್ದಿತು. ಅರಸನ ಮನೆಗೆ ಪುನರ್ಜನ್ಮವು ದೊರೆಯಿತು. ತೋಟಗಾರರ ಮನೆಗಳಿಗೆ ದೊರೆಯಲಿಲ್ಲ. ಆದರೆ ಹಳೆಯ ಸೇಬಿನ ತೋಟಗಳಲ್ಲಿ ಮರಗಳು ಇಂದಿಗೂ ಫಲ ಬಿಡುತ್ತಿವೆ.

1960ರಲ್ಲಿ ಮಾಸ್ಕೋವಿನ ಎಲ್ಲೆಯನ್ನು ಆಗ ಕಟ್ಟುತ್ತಿದ್ದ ಹೊರಸುತ್ತಿನ ಹೆದ್ದಾರಿಯವರೆಗೆ ವಿಸ್ತರಿಸಿದರು. ಐದು ಚಿಕ್ಕ ಪಟ್ಟಣಗಳೂ ಅನೇಕ ಹಳ್ಳಿಗಳೂ ಒಮ್ಮೆಗೇ ನಗರದೊಳಗಾದುವು. ನೈರುತ್ಯ ದಿಕ್ಕಿನ ಚೆರ್ಯೋಮುಷ್ಕಿಯು ಇದಕ್ಕೂ ಕೊಂಚ ಮೊದಲೇ ನಗರದ ಕೈಗೆ ಸಿಕ್ಕಿತ್ತು. ವಸಂತದಲ್ಲಿ ಬಿಳಿಯ ಹೂಗೊಂಚಲು ಬಿಡುವ ಚೆರ್ಯೋಮುಖಾ ಎಂಬ ಮರದಿಂದ ಬಂದ ಹೆಸರದು. 1956ರಿಂದ 1958ರವರೆಗೆ ಅಲ್ಲಿಯ ಒಂದು ಭಾಗದಲ್ಲಿ, ಅಗ್ಗವಾಗಿಯೂ ಬೇಗನೆಯೂ ಮನೆ ಕಟ್ಟುವ ಬಗೆಯನ್ನು ಪರೀಕ್ಷಿಸಿ ನೋಡಿದರು. ನಾಲ್ಕೈದು ಮಹಡಿಗಳ ಕಟ್ಟಡಗಳು, ಮೇಲೇರುವ ಯಂತ್ರವಿಲ್ಲ, ಛಾವಣಿಯ ಎತ್ತರ ಸುಮಾರು 2.5 ಮೀಟರು, ಅಡಿಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರಿಗೆ ಎಡೆಯಿಲ್ಲ. ಈ ಮಾದರಿಯೇ ಮುಂದೆ ದೇಶದಲ್ಲೆಲ್ಲಾ ಹರಡಿತು.

ಇಂತಹ ಇಕ್ಕಟ್ಟಿನ ಮನೆಗಳನ್ನು ಜನರು ಹಬ್ಬದಂತೆ ಬರಮಾಡಿಕೊಂಡರೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಅಲ್ಲಿಯವರೆಗೆ ಅವರಲ್ಲಿ ಬಹುಮಂದಿಯ ವಾಸ ಹೇಗಿತ್ತೆಂಬುದನ್ನು ನೆನೆಯಬೇಕು. ಒಂದು ಸಂಸಾರಕ್ಕೆ ಒಂದೇ ಕೋಣೆ; ಹಲವು ಸಂಸಾರಗಳಿಗೆ ಒಂದೇ ಅಡಿಗೆಮನೆ, ಒಂದೇ ಬಚ್ಚಲು. ಅಂತಹವರಿಗೆ ಸ್ವಂತ ಬಾಗಿಲು, ಸ್ವಂತ ಒಲೆ ದೊರೆತುದು ಸಾಮಾನ್ಯ ಭಾಗ್ಯವಲ್ಲ. ಪ್ರಖ್ಯಾತ ಸಂಗೀತಗಾರನಾದ ಶೊಸ್ತಕೊವಿಚನು ಈ ಬಡಾವಣೆಯನ್ನೇ ವಸ್ತುವಾಗಿಸಿಕೊಂಡು ರಚಿಸಿದ ಹಾಸ್ಯಗೀತನಾಟಕವು 1959ರಲ್ಲಿ ರಂಗಕ್ಕೆ ಬಂದಿತು. ಬೇರೆ ಊರುಗಳವರೂ ತಮ್ಮ ಹೊಸ ಬಡಾವಣೆಗಳನ್ನು ಚೆರ್ಯೋಮುಷ್ಕಿಯೆಂದೇ ಕರೆಯತೊಡಗಿದರು. ಹಳ್ಳಿಯ ಒಕ್ಕಲುಗಳಿಗೆ ನೆಲ ಹೋಯಿತು, ಪಟ್ಟಣದ ಸಂಸಾರಗಳಿಗೆ ನೆಲೆ ದೊರೆಯಿತು. ಎರಡೂ ನಿಜ, ಒಂದನ್ನು ಹೇಳಿ ಇನ್ನೊಂದನ್ನು ಮರೆಸುವುದು ನ್ಯಾಯವಲ್ಲ.

ಈಗ ಅಂತಹ ಮನೆಗಳ ಸರದಿಯೂ ಬಂದಿದೆ. 2017ರಲ್ಲಿ ಮಾಸ್ಕೋ ನಗರಾಡಳಿತವು 5 ಸಾವಿರಕ್ಕೂ ಮೇಲ್ಪಟ್ಟು ಇಂತಹ ಹಳೆಯ ಕಟ್ಟಡಗಳನ್ನು ಕೆಡವಿ, ಸುಮಾರು 10 ಲಕ್ಷ ನಿವಾಸಿಗಳಿಗೆ ಹೊಸ ಮನೆ ಕೊಡುವ ಯೋಜನೆಯನ್ನು ಹೂಡಿತು. ಕೆಲವರು ಸಂತೋಷಪಟ್ಟರು. ಕೆಲವರು ತಾವು ನೆಟ್ಟ ಮರಗಳನ್ನೂ ನೆರೆಹೊರೆಯನ್ನೂ ಬಿಡಲೊಲ್ಲದೆ, ಅದೇ ವರ್ಷದ ಮೇ ತಿಂಗಳಲ್ಲಿ ಸಾವಿರಗಟ್ಟಲೆಯಾಗಿ ಬೀದಿಗಿಳಿದರು. ಪ್ರತಿಯೊಂದು ಕಟ್ಟಡದಲ್ಲಿಯೂ ಮತ ತೆಗೆದುಕೊಂಡು, ಮೂರರಲ್ಲಿ ಎರಡು ಪಾಲು ನಿವಾಸಿಗಳು ಒಪ್ಪಿದಲ್ಲಿ ಮಾತ್ರ ಅದನ್ನು ಯೋಜನೆಗೆ ಸೇರಿಸುವುದೆಂದು ಗೊತ್ತಾಯಿತು. ಬಹುಪಾಲು ಜನರಿಗೆ ಅದೇ ಬಡಾವಣೆಯಲ್ಲಿಯೇ ಮನೆ ಕೊಡಬೇಕೆಂದು ಕಾನೂನಿನಲ್ಲಿ ಬರೆಯಿಸಿದರು. ಒಪ್ಪದ ಮೂರನೆಯ ಪಾಲಿನವರ ದುಃಖವು ಇದರಿಂದ ನೀಗುವುದೆಂದು ನಾವು ಹೇಳಲಾರೆವು. ಆದರೂ 1652ರ ಆಜ್ಞೆಯನ್ನು ನೆನೆದರೆ, ಮನೆಯಲ್ಲಿರುವವರನ್ನು ಒಂದು ಮಾತು ಕೇಳುವಷ್ಟು ದೂರಕ್ಕಾದರೂ ಆ ಊರು ನಡೆದು ಬಂದಿದೆಯೆನ್ನಬೇಕು.

2012ರಲ್ಲಿ ನಗರದ ಎಲ್ಲೆಯು ನೈರುತ್ಯಕ್ಕೆ ಮತ್ತೂ ಚಾಚಿ, ಮಾಸ್ಕೋವಿನ ವಿಸ್ತೀರ್ಣವು ಮುಂಚಿಗಿಂತ ಸುಮಾರು 2.4 ಪಾಲಾಯಿತು. ಅಲ್ಲಿಯೂ ಹಳ್ಳಿಗಳಿವೆ. ನೆಲದೊಳಗಣ ರೈಲಿನಲ್ಲಿ ಹೋಗುವವರು ಕೊಂಕೊವೊ, ಬೆಲ್ಯಾಯೆವೊ, ಮೆದ್ವೆದ್ಕೊವೊ ಎಂದು ನಿಲ್ದಾಣಗಳ ಹೆಸರನ್ನು ದಿನವೂ ಕೇಳುತ್ತಾರೆ. ಅವೆಲ್ಲವೂ ಒಂದು ಕಾಲಕ್ಕೆ ಹೊಲಗದ್ದೆಗಳಿದ್ದ ಹಳ್ಳಿಗಳ ಹೆಸರುಗಳು. ಹೆಸರನ್ನು ಉಳಿಸುವುದು ಸುಲಭ. ಅದಕ್ಕೆ ಒಂದು ಹಲಗೆ ಸಾಕು. ಅಲ್ಲಿದ್ದ ಸಂಸಾರಗಳ ಸುಖದುಃಖವನ್ನು ವಿಚಾರಿಸಿಕೊಂಡು ಊರನ್ನು ಬೆಳೆಸುವುದೇ ಕಷ್ಟದ ಕೆಲಸ. ನಮ್ಮ ವಾಚಕರು ಮುಂದೆ ಯಾವ ದೊಡ್ಡ ಪಟ್ಟಣದ ವರ್ಣನೆಯನ್ನು ಓದಿದರೂ, ಈ ಪ್ರಶ್ನೆಯನ್ನೂ ಜೊತೆಗೆ ಕೇಳಿಕೊಳ್ಳಬೇಕೆಂದು ಕೋರಿ, ಈ ತಿಂಗಳಿಗೆ ವಿರಮಿಸುತ್ತೇವೆ.