ಎರಕದ ಚಕ್ರಕ್ಕೆ ಬೆಸುಗೆ ಹಾಕಿಸಬಹುದೆ?

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಹಿಂದೆ ಎತ್ತಿನ ಗಾಡಿ ಮಾಡುತ್ತಿದ್ದ ಎಷ್ಟೋ ಕೆಲಸವನ್ನು ಇಂದು ಮೋಟಾರ್ ಸೈಕಲ್ ಮಾಡುತ್ತಿದೆ. ಹೊಲಕ್ಕೆ, ಸಂತೆಗೆ, ಮಕ್ಕಳ ಶಾಲೆಗೆ, ಗೊರವನಹಳ್ಳಿ ಸಿದ್ಧರಬೆಟ್ಟಗಳ ದರ್ಶನಕ್ಕೆ ಮನೆಮಂದಿಯನ್ನು ಹೊತ್ತೊಯ್ಯುವುದು ಅದೇ. ಸಿರಾ ಬಳಿಯ ಹೆದ್ದಾರಿಯಿಂದ ಹಳ್ಳಿಯ ದಾರಿಗೆ ಹೊರಳಿ, ಗುಂಡಿಯ ಅಂಚಿಗೆ ಬಡಿದ ಅಲಾಯ್ ಚಕ್ರ ಬಿರುಕು ಬಿಟ್ಟಾಗ, "ವೆಲ್ಡಿಂಗ್ ಹಾಕಿಸಿದರೆ ಸಾಲದೆ?" ಎಂಬ ಪ್ರಶ್ನೆ ಏಳುವುದು ಸಹಜ.

ಹಿಂದಿನ ಬಂಡಿಗಳ ಅನುಭವವೇ ಈ ಪ್ರಶ್ನೆಗೆ ಮೂಲ. 1996ರಲ್ಲಿ ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿ ಬಂಡಿಗಳಿಗೆ ಕಡ್ಡಿಗಳ ಚಕ್ರವಿತ್ತು. ಕಡ್ಡಿ ಮುರಿದರೆ ಅದೊಂದನ್ನೇ ಬದಲಿಸಿ ಚಕ್ರವನ್ನು ನೇರಗೊಳಿಸಬಹುದಿತ್ತು. ಉಕ್ಕಿನ ರಿಮ್ ಪೆಟ್ಟು ತಿಂದರೆ ಬಾಗುತ್ತಿತ್ತೇ ಹೊರತು ಸುಲಭವಾಗಿ ಸೀಳುತ್ತಿರಲಿಲ್ಲ. ಎರಕದ ಚಕ್ರದ ಗುಣ ಬೇರೆ.

ಇಂತಹ ಚಕ್ರಗಳಿಗೆ ಸಾಮಾನ್ಯವಾಗಿ ಅಲ್ಯೂಮಿನಿಯಂಗೆ ಶೇಕಡ 7ರಷ್ಟು ಸಿಲಿಕಾನ್ ಹಾಗೂ ಅತ್ಯಲ್ಪ ಮೆಗ್ನೀಷಿಯಂ ಬೆರೆಸಿದ ಲೋಹವನ್ನು ಬಳಸುತ್ತಾರೆ. ಎರಕ ಹೊಯ್ದ ಮೇಲೆ ಅದನ್ನು ಸುಮಾರು 540 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಲವು ಗಂಟೆ ಇರಿಸಿ, ನೀರಿನಲ್ಲಿ ತಟ್ಟನೆ ತಣಿಸಿ, ಮತ್ತೆ 150 ಡಿಗ್ರಿಯ ಆಸುಪಾಸಿನಲ್ಲಿ ಹದಗೊಳಿಸುವರು. ಚಕ್ರದ ಬಲದ ಬಹುಭಾಗ ಈ ಹದದಲ್ಲಿಯೇ ಅಡಗಿದೆ. ಬೆಸುಗೆಯ ಶಾಖ ತಾಗಿದೊಡನೆ ಸುತ್ತಲಿನ ಲೋಹದ ಹದ ಕೆಡುತ್ತದೆ. ಬಿರುಕು ಮುಚ್ಚಿದಂತೆ ಕಾಣುವುದು. ಅದರ ಪಕ್ಕದ ಲೋಹ ಮೆತ್ತಗಾಗಿರುವುದು ಕಣ್ಣಿಗೆ ಕಾಣದು.

ಕೆಲಸವೂ ಸುಲಭದ್ದಲ್ಲ. ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ ಕರಗಿದರೆ, ಅದರ ಮೇಲಿನ ಆಕ್ಸೈಡ್ ಪೊರೆ ಕರಗಲು 2000 ಡಿಗ್ರಿಗೂ ಹೆಚ್ಚಿನ ಶಾಖ ಬೇಕು. ಕಬ್ಬಿಣದಂತೆ ಅದು ಕೆಂಪಾಗಿ ಎಚ್ಚರಿಸುವುದೂ ಇಲ್ಲ. ಆರ್ಗಾನ್ ಅನಿಲದ ರಕ್ಷಣೆಯಲ್ಲಿ, ಎ.ಸಿ. ವಿದ್ಯುತ್ತಿನ ಟಿಗ್ ಯಂತ್ರದಿಂದ ಬೆಸೆಯಬೇಕು. ಎಣ್ಣೆ, ತೇವ, ಬಣ್ಣ ಉಳಿದಿದ್ದರೆ ಬೆಸುಗೆಯೊಳಗೆ ಗಾಳಿಗುಳ್ಳೆಗಳು ನಿಲ್ಲುತ್ತವೆ. ಎಲ್ಲವೂ ಸರಿಯಾದರೂ ಇಡೀ ಚಕ್ರಕ್ಕೆ ಮತ್ತೆ ಹದ ಕೊಟ್ಟು, ದುಂಡು ನೋಡಿ, ಒಳಬಿರುಕುಗಳನ್ನು ಪರೀಕ್ಷಿಸಬೇಕು. ಇದು ಬೀದಿಬದಿಯ ಅಂಗಡಿಯಲ್ಲಿ ಆಗುವ ಕೆಲಸವಲ್ಲ.

ಆದ್ದರಿಂದ ಚಕ್ರದ ತೋಳು, ನಡುವಿನ ಹಬ್, ಬೇರಿಂಗ್ ಕೂರುವ ಜಾಗ, ಟೈರು ಹಿಡಿಯುವ ಅಂಚು, ಇವುಗಳಲ್ಲಿ ಎಲ್ಲಿಯೇ ಬಿರುಕಿದ್ದರೂ ಚಕ್ರವನ್ನು ಬದಲಿಸುವುದೇ ಯುಕ್ತ. ಕಾಯಿಸಿ ಸುತ್ತಿಗೆಯಿಂದ ಬಡಿದು ಬಾಗು ತೆಗೆಸುವುದೂ ಸಲ್ಲದು. ಎಂಜಿನ್ನಿನ ಹೊರ ಮುಚ್ಚಳದಂತಹ ಭಾರ ಹೊರದ ಭಾಗಗಳಿಗೆ ನುರಿತವರಿಂದ ಬೆಸುಗೆ ಹಾಕಿಸಿದರೆ ಬಾಧಕವಿಲ್ಲ.

ಗೃಹಸ್ಥರು ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಯೊಂದುಂಟು. ಬಂಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಚಕ್ರವನ್ನು ತೊಳೆದು ಒಣಗಿಸಿರಿ. ತೋಳುಗಳ ಬುಡಕ್ಕೆ ಬಟ್ಟೆಯಿಂದ ಸ್ವಲ್ಪ ಸೀಮೆಎಣ್ಣೆ ಸವರಿ, ಹತ್ತು ನಿಮಿಷದ ಬಳಿಕ ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಹಚ್ಚಿರಿ. ಬಿರುಕಿದ್ದರೆ ಒಳಗಿಳಿದ ಎಣ್ಣೆ ಮೇಲೆ ಬಂದು ಸಣ್ಣ ಗೆರೆಯಾಗಿ ಕಾಣಬಹುದು. ಬ್ರೇಕಿಗೂ ಟೈರಿಗೂ ಎಣ್ಣೆ ತಾಗದಂತೆ ನೋಡಿಕೊಳ್ಳಿರಿ. ಹತ್ತಿರ ಬೆಂಕಿ ಇರಕೂಡದು. ಗೆರೆ ಕಾಣದಿದ್ದರೂ, ಟೈರಿನಲ್ಲಿ ಪಂಕ್ಚರ್ ಇಲ್ಲದೆ ಪದೇ ಪದೇ ಗಾಳಿ ಇಳಿಯುತ್ತಿದ್ದರೆ, ಹ್ಯಾಂಡಲ್ ನಡುಗುತ್ತಿದ್ದರೆ ಮೆಕ್ಯಾನಿಕ್‌ಗೆ ತೋರಿಸುವುದು ಕ್ಷೇಮ.

"ಇದಕ್ಕೆ ವೆಲ್ಡಿಂಗ್ ಹಾಕುವುದಿಲ್ಲ, ಚಕ್ರ ಬದಲಿಸಿ" ಎನ್ನುವ ಬೆಸುಗೆಗಾರನನ್ನು ಕೆಲಸ ಬಾರದವನೆಂದು ತಿಳಿಯಬಾರದು. ಕೈಗೆ ಬರುವ ಹಣವನ್ನು ಬಿಟ್ಟು ನಿಮ್ಮ ಮನೆಯವರ ಜೀವವನ್ನು ನೆನೆದವನು ಆತ; ಅದು ನಿಜವಾದ ಕಾಯಕ. ಬದಲಿಸಿದ ಹಳೆಯ ಚಕ್ರವನ್ನು ಕತ್ತರಿಸಿಯೇ ಗುಜರಿಗೆ ಕೊಡಿರಿ. ಅಲ್ಯೂಮಿನಿಯಂ ಮತ್ತೆ ಕರಗಿ ಇನ್ನೊಂದು ವಸ್ತುವಾಗುವುದು. ಇಡಿಯಾಗಿ ಕೊಟ್ಟರೆ, ಬಣ್ಣ ಬಳಿದುಕೊಂಡು ಇನ್ನೊಂದು ಮನೆಯ ಬಂಡಿಗೆ ಸೇರೀತು.