ಕೈಯೆತ್ತದವನ ಹೊಣೆ



ಕಳೆದ ತಿಂಗಳು ಇಳಿವಯಸ್ಸಿನ ತಾಯಿಯೊಬ್ಬರು ನಮ್ಮ ಮನೆಯ ಕಟ್ಟೆಗೆ ಬಂದು ಕುಳಿತರು. ಅವರ ಮಡಿಲಲ್ಲಿ ಬಟ್ಟೆಯಲ್ಲಿ ಸುತ್ತಿದ ಕಾಗದದ ಕಟ್ಟೊಂದಿತ್ತು. ಅದು ಸೆಷನ್ಸ್ ನ್ಯಾಯಾಲಯದ ತೀರ್ಪಿನ ನಕಲು. ಕೆಲವು ವರ್ಷಗಳ ಹಿಂದೆ ಹೊಲದ ಬದುವಿನ ವ್ಯಾಜ್ಯ ವಿಕೋಪಕ್ಕೆ ಹೋಗಿ, ಏಳು ಜನ ಕೂಡಿ ಒಬ್ಬನನ್ನು ಬಡಿಗೆಗಳಿಂದ ಹೊಡೆದರು. ಆತ ಆಸ್ಪತ್ರೆಯಲ್ಲಿ ಪ್ರಾಣಬಿಟ್ಟನು. ಏಳು ಜನರಿಗೂ ಕೊಲೆಯ ಅಪರಾಧಕ್ಕಾಗಿ ಜೀವಾವಧಿ ಶಿಕ್ಷೆಯಾಗಿದೆ. ಆ ಏಳರಲ್ಲಿ ಈ ತಾಯಿಯ ಮಗನೂ ಒಬ್ಬ.

“ನನ್ನ ಮಗ ಕೈ ಎತ್ತಿಲ್ರೀ ಗುರುಗಳೇ. ಅವರ ಕೂಡ ಹೋಗಿದ್ದ, ನಿಂತಿದ್ದ, ಅಷ್ಟ. ನಿಂತಾವಗೂ ಹೊಡೆದಾವಗೂ ಒಂದ ಶಿಕ್ಷಾ ಅಂದ್ರ ಹೆಂಗ್ರೀ?” ಎಂದು ಆ ತಾಯಿ ಕೇಳಿದರು. ಸ್ವಲ್ಪ ತಡೆದು, “ಅವಗೇನೂ ಆಗಂಗಿಲ್ಲ ಅಂತ ಅವತ್ತು ನೀವ ಹೇಳಿದ್ರಿ” ಎಂದರು.

ಅಹುದು, ನಾವೇ ಹೇಳಿದ್ದೆವು. ಮಗನನ್ನು ಪೊಲೀಸರು ಕರೆದೊಯ್ದ ದಿನ ಗಾಬರಿಯಿಂದ ಬಂದಿದ್ದ ಆ ತಾಯಿಗೆ, “ಕೈಯೆತ್ತದವನಿಗೆ ಕಾನೂನಿನ ಭಯವಿಲ್ಲ ತಾಯಿ, ಸಮಾಧಾನದಿಂದಿರಿ” ಎಂದು ಸಾಂತ್ವನ ನುಡಿದಿದ್ದೆವು. ಆ ಮಾತನ್ನು ನಂಬಿ ಅವರು ಮಗನಿಗೆಂದು ಬೇರೆ ವಕೀಲರನ್ನು ನೇಮಿಸಲಿಲ್ಲ. ಏಳು ಜನರಿಗೂ ಒಬ್ಬರೇ ವಕೀಲರು ವಾದಿಸಿದರು. ಉಳಿದ ಆರು ಜನರನ್ನು ಕಾಯಬೇಕಾದವರು ‘ಅವರು ಹೊಡೆದರು, ಇವನು ಹೊಡೆಯಲಿಲ್ಲ’ ಎಂದು ಹೇಗೆ ವಾದಿಸಿಯಾರು? ಶಾಸ್ತ್ರವನ್ನು ಓದಿದವನು ತಾನರಿಯದ ಶಾಸ್ತ್ರದಲ್ಲಿ ತೀರ್ಪು ಹೇಳಬಾರದೆಂಬ ಪಾಠವನ್ನು ನಾವು ಆ ದಿನ ಕಲಿತೆವು. ಬಲ್ಲ ನ್ಯಾಯವಾದಿಗಳ ಬಳಿ ಕುಳಿತು ಕೇಳಿ ತಿಳಿದುದನ್ನು ಇಲ್ಲಿ ಬರೆಯುತ್ತಿದ್ದೇವೆ. ಇನ್ನೊಂದು ಮನೆಯವರು ನಮ್ಮ ಹಾಗೆ ತಪ್ಪದಿರಲಿ ಎಂಬುದೇ ನಮ್ಮ ಆಶಯ.

ಗುಂಪಿನ ಹೊಡೆತದಿಂದ ಸಾವುಂಟಾದಾಗ ಯಾರ ಪೆಟ್ಟಿನಿಂದ ಪ್ರಾಣ ಹೋಯಿತೆಂದು ಹೇಳುವುದು ಕಷ್ಟ. ಆದುದರಿಂದ ಭಾರತೀಯ ದಂಡ ಸಂಹಿತೆಯು ಎರಡು ಸೂತ್ರಗಳನ್ನು ಇಟ್ಟಿತ್ತು. 34ನೆಯ ಕಲಮಿನಂತೆ, ಹಲವರು ಒಂದೇ ಸಮಾನ ಆಶಯವನ್ನು ನೆರವೇರಿಸಲು ಕೃತ್ಯವೆಸಗಿದರೆ ಪ್ರತಿಯೊಬ್ಬನೂ ಅದನ್ನು ತಾನೊಬ್ಬನೇ ಮಾಡಿದಂತೆ ಹೊಣೆಗಾರನಾಗುತ್ತಾನೆ. 149ನೆಯ ಕಲಮು ಇನ್ನೂ ವಿಶಾಲವಾದುದು. ಐವರು ಅಥವಾ ಹೆಚ್ಚು ಜನ ಅಕ್ರಮ ಉದ್ದೇಶದಿಂದ ಕೂಡಿದ್ದು, ಆ ಉದ್ದೇಶ ಸಾಧನೆಗಾಗಿ ಅವರಲ್ಲೊಬ್ಬನು ಅಪರಾಧ ಮಾಡಿದರೆ, ಅಥವಾ ಅಂಥ ಅಪರಾಧ ನಡೆಯುವ ಸಂಭವವಿದೆಯೆಂದು ಕೂಟದವರಿಗೆ ತಿಳಿದಿದ್ದರೆ, ಆಗ ಕೂಟದಲ್ಲಿದ್ದ ಎಲ್ಲರೂ ಅಪರಾಧಿಗಳು. ಕೈಯೆತ್ತಿದನೋ ಇಲ್ಲವೋ ಎಂಬುದು ಅಲ್ಲಿ ಕೊನೆಯ ಮಾತಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇವೇ ಸೂತ್ರಗಳು 3(5) ಮತ್ತು 190ನೆಯ ಕಲಮುಗಳಾಗಿ ಉಳಿದಿವೆ. ಅದಕ್ಕೂ ಮೊದಲು ನಡೆದ ಕೃತ್ಯಗಳಿಗೆ ಹಳೆಯ ಸಂಹಿತೆಯೇ ಅನ್ವಯಿಸುತ್ತದೆ.

ಹಾಗಾದರೆ ಅಪೀಲಿಗೆ ಏನು ಉಳಿಯಿತು? ಬಹಳ ಉಳಿದಿದೆ. ಇದನ್ನು ಅರಿಯಲು ಹಳೆಯ ಪ್ರಕರಣವೊಂದನ್ನು ನೋಡೋಣ. ಅದು ಆಗಿನ ಹೈದರಾಬಾದ್ ರಾಜ್ಯದಲ್ಲಿ ನಡೆದುದು. ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳೂ 1956ರವರೆಗೆ ಆ ರಾಜ್ಯದಲ್ಲಿಯೇ ಇದ್ದವು. 1950ರ ಡಿಸೆಂಬರ್ 7ರಂದು ರೈತನೊಬ್ಬನ ಮೇಲೆ ಐವರು ಕೊಡಲಿ, ಬಡಿಗೆಗಳಿಂದ ಎರಗಿದರು. ಕೂಗು ಕೇಳಿ ಓಡಿಬಂದ ಬಂಧು ಹೆಣ್ಣುಮಗಳೊಬ್ಬಳು ಹೊಡೆಯಬೇಡಿರೆಂದು ಮೊರೆಯಿಟ್ಟಳು. ಆಕೆಯನ್ನೂ ಬೆದರಿಸಿ ಅವರು ಓಡಿಹೋದರು. ರೈತ ಸತ್ತನು. ವಿಚಾರಣಾ ನ್ಯಾಯಾಲಯ ಐವರಿಗೂ ಮರಣದಂಡನೆ ವಿಧಿಸಿತು. ಅಪೀಲಿನಲ್ಲಿ ಉಚ್ಚ ನ್ಯಾಯಾಲಯದ ಇಬ್ಬರು ನ್ಯಾಯಾಧೀಶರಲ್ಲಿ ಮತಭೇದ ಹುಟ್ಟಿತು. ಒಬ್ಬರು ಐವರೂ ತಪ್ಪಿತಸ್ಥರೆಂದರು, ಇನ್ನೊಬ್ಬರು ಐವರನ್ನೂ ಬಿಡತಕ್ಕದ್ದೆಂದರು. ಮೂರನೆಯ ನ್ಯಾಯಾಧೀಶರು ಮೊದಲಿನವರ ಮತವನ್ನು ಒಪ್ಪಿದ್ದರಿಂದ ಮೂವರಿಗೆ ಮರಣದಂಡನೆಯೂ ಇಬ್ಬರಿಗೆ ಜೀವಾವಧಿಯೂ ಉಳಿದವು.

ಆ ಮೂವರ ಅಪೀಲು ‘ಪಾಂಡುರಂಗ ವಿರುದ್ಧ ಹೈದರಾಬಾದ್ ರಾಜ್ಯ’ ಎಂಬ ಹೆಸರಿನಿಂದ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. 1954ರ ಡಿಸೆಂಬರ್ 3ರಂದು ತೀರ್ಪನ್ನು ಬರೆದವರು ನ್ಯಾಯಮೂರ್ತಿ ವಿವಿಯನ್ ಬೋಸ್. ಆ ಮೊಕದ್ದಮೆಯಲ್ಲಿ ಅಕ್ರಮ ಕೂಟದ ದೋಷಾರೋಪವನ್ನು ಹೊರಿಸಿರಲಿಲ್ಲ. ಒಬ್ಬೊಬ್ಬನ ಮೇಲೂ ತಾನೇ ಕೊಂದನೆಂಬಂತೆ ಪ್ರತ್ಯೇಕ ಆರೋಪವಿತ್ತು. ಆದಕಾರಣ, ಮುಂಚಿತವಾಗಿ ಮನಸ್ಸುಗಳು ಕೂಡಿದ್ದವೆಂದು ತೋರಿಸದ ಹೊರತು ಒಬ್ಬನ ಪೆಟ್ಟನ್ನು ಇನ್ನೊಬ್ಬನ ತಲೆಗೆ ಕಟ್ಟಲಾಗದೆಂದು ನ್ಯಾಯಾಲಯ ವಿವೇಚಿಸಿತು. ಹಲವರು ಏಕಕಾಲಕ್ಕೆ ಒಬ್ಬನನ್ನು ಕೊಲ್ಲಬಯಸಬಹುದು. ಆದರೆ ಒಂದೇ ತೆರನಾದ ಆಶಯ ಬೇರೆ, ಹಂಚಿಕೊಂಡ ಆಶಯ ಬೇರೆ. ಇವೆರಡರ ನಡುವಣ ಗೋಡೆ ತೆಳುವಾದುದಾದರೂ ಅದು ದಿಟವಾದುದು. ಹಾಗೆಂದು ಮನಸ್ಸುಗಳು ಕೂಡಲು ಬಹಳ ಕಾಲ ಬೇಕೆಂದಿಲ್ಲ. ಸ್ಥಳದಲ್ಲಿಯೇ ಕ್ಷಣಾರ್ಧದಲ್ಲಿ ಕೂಡಬಹುದು. ಆದರೆ ಕೂಡಿದವೆಂಬುದಕ್ಕೆ ಸಾಕ್ಷ್ಯ ಬೇಕು.

ಪಾಂಡುರಂಗನು ಕೊಡಲಿಯಿಂದ ತಲೆಗೆ ಹೊಡೆದದ್ದು ಸಿದ್ಧವಾಯಿತು. ಪ್ರಾಣ ತೆಗೆದದ್ದು ಆ ಪೆಟ್ಟೇ ಎಂಬುದು ಸಿದ್ಧವಾಗಲಿಲ್ಲ. ಕೊಲೆಯ ಅಪರಾಧದ ಬದಲು ಘೋರ ಗಾಯದ ಅಪರಾಧಕ್ಕಾಗಿ ಆತನಿಗೆ 10 ವರ್ಷಗಳ ಕಠಿಣ ಸಜೆಯಾಯಿತು. ಇನ್ನಿಬ್ಬರ ಮೇಲಿನ ಕೊಲೆಯ ಅಪರಾಧ ಉಳಿಯಿತು. ಆದರೆ ತಪ್ಪಿನ ವಿಷಯದಲ್ಲಿಯೇ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಲ್ಲಿ ಒಮ್ಮತವಿರಲಿಲ್ಲವಾದ್ದರಿಂದ ಅವರ ಮರಣದಂಡನೆಯನ್ನು ಜೀವಾವಧಿಗೆ ಇಳಿಸಲಾಯಿತು. ನೋಡಿರಿ, ಹೊಡೆದವರು ಒಟ್ಟಾಗಿ ಹೊಡೆದರೂ ನ್ಯಾಯದ ತಕ್ಕಡಿ ಒಬ್ಬೊಬ್ಬನನ್ನೂ ಬೇರೆಬೇರೆಯಾಗಿ ತೂಗಿತು. ಮೇಲಿನ ನ್ಯಾಯಾಲಯ ಇರುವುದೇ ಹೀಗೆ ತೂಗುವುದಕ್ಕೆ.

ಇದಕ್ಕೆ ಪೂರಕವಾದ ಇನ್ನೊಂದು ತೀರ್ಪು 1964ರ ‘ಮಸಾಲ್ತಿ’ ಪ್ರಕರಣದ್ದು. ಉತ್ತರ ಪ್ರದೇಶದ ಹಳ್ಳಿಯೊಂದರ ಗುಂಪು ವೈಷಮ್ಯದಲ್ಲಿ ಐವರು ಹತರಾಗಿದ್ದರು. ಕೂಟದ ಸದಸ್ಯನೆಂದು ಸಿದ್ಧವಾದ ಮೇಲೆ ತಾನು ಹೊಡೆಯಲಿಲ್ಲವೆಂಬುದು ಬಿಡುಗಡೆಗೆ ಸಾಲದೆಂದು ಸರ್ವೋಚ್ಚ ನ್ಯಾಯಾಲಯ ಅಲ್ಲಿ ಹೇಳಿತು. ಆದರೆ ಕುತೂಹಲದಿಂದ ಬಂದು ನಿಂತವನು ಕೂಟದ ಸದಸ್ಯನಲ್ಲ. ಅಲ್ಲದೆ, ಆರೋಪಿಗಳೂ ಹತರಾದವರೂ ಬಹುಸಂಖ್ಯೆಯಲ್ಲಿದ್ದಾಗ ಎರಡು ಮೂರು ಸಾಕ್ಷಿಗಳಾದರೂ ಒಂದೇ ತೆರನಾಗಿ ಹೇಳಿದರೆ ಮಾತ್ರ ಒಬ್ಬನ ಅಪರಾಧವನ್ನು ಒಪ್ಪುವ ಪರಿಪಾಠವನ್ನೂ ಅದು ಮನ್ನಿಸಿತು. ಊರ ವೈಷಮ್ಯದಲ್ಲಿ ನಿರಪರಾಧಿಗಳ ಹೆಸರನ್ನೂ ಸೇರಿಸುವ ದುರಭ್ಯಾಸವಿರುವುದರಿಂದ ಈ ಎಚ್ಚರಿಕೆ ಅಗತ್ಯವಾಯಿತು.

ಆದುದರಿಂದ ಅಪೀಲಿನಲ್ಲಿ ಕೇಳತಕ್ಕ ಪ್ರಶ್ನೆಗಳು ಇವು. ಮೊದಲ ದೂರಿನಲ್ಲಿಯೇ ಈತನ ಹೆಸರಿತ್ತೇ, ಆಮೇಲೆ ಸೇರಿತೇ? ಎಷ್ಟು ಸಾಕ್ಷಿಗಳು ಈತನನ್ನು ಗುರುತಿಸಿದರು? ಬರುವಾಗಲೇ ಕೈಯಲ್ಲಿ ಆಯುಧವಿತ್ತೇ? ಶವಪರೀಕ್ಷೆಯ ಗಾಯಗಳು ಸಾಕ್ಷಿಗಳ ಮಾತಿಗೆ ಹೊಂದುತ್ತವೆಯೇ? ಕೂಟದ ಉದ್ದೇಶ ಕೊಲ್ಲುವುದೇ ಆಗಿತ್ತೇ, ಬೆದರಿಸುವುದಾಗಿತ್ತೇ? ಇವನ್ನೆಲ್ಲ ಉಚ್ಚ ನ್ಯಾಯಾಲಯ ಹೊಸದಾಗಿ ಪರಿಶೀಲಿಸಬಲ್ಲದು. ಶಿಕ್ಷೆಯನ್ನು ಎತ್ತಿಹಿಡಿಯಬಹುದು, ಕೊಲೆಯಲ್ಲದ ಮಾನವಹತ್ಯೆಗೆ ಇಳಿಸಬಹುದು, ಬಿಡುಗಡೆಯನ್ನೂ ಮಾಡಬಹುದು. ನಡುವೆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ಕೊಟ್ಟರೆ ಅದನ್ನು ಬಿಡುಗಡೆಯೆಂದು ಭ್ರಮಿಸಬಾರದು.

ಕಾಲಮಿತಿಯನ್ನೂ ತಿಳಿದಿರಬೇಕು. ಸೆಷನ್ಸ್ ನ್ಯಾಯಾಲಯದ ಮರಣದಂಡನೆಯ ವಿರುದ್ಧ ಉಚ್ಚ ನ್ಯಾಯಾಲಯಕ್ಕೆ ಅಪೀಲು ಸಲ್ಲಿಸಲು 30 ದಿನ, ಜೀವಾವಧಿಯಂಥ ಇತರ ಶಿಕ್ಷೆಗೆ 60 ದಿನ. ತಡವಾದರೆ ತಕ್ಕ ಕಾರಣ ತೋರಿಸಿ ಮನ್ನಣೆ ಕೇಳಬಹುದು. ಸೆರೆಯಲ್ಲಿರುವವನಿಗೆ ತೀರ್ಪಿನ ಪ್ರತಿ ಉಚಿತವಾಗಿ ಸಿಗಬೇಕು, ಅಪೀಲಿಗೆ ಉಚಿತ ವಕೀಲರ ನೆರವೂ ಸಿಗಬೇಕು ಎಂದು ಸರ್ವೋಚ್ಚ ನ್ಯಾಯಾಲಯ 1978ರಲ್ಲಿಯೇ ಹೇಳಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮವು ಅದನ್ನು ಹಕ್ಕನ್ನಾಗಿ ಮಾಡಿದೆ. ನಮ್ಮ ತಾಯಿಗೆ 60 ದಿನಗಳಲ್ಲಿ 40 ದಿನಗಳು ಕಳೆದುಹೋಗಿದ್ದವು. ಮರುದಿನವೇ ಅವರೊಡನೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ನಾವೂ ಹೋದೆವು. ಆ ಮಗನೊಬ್ಬನಿಗಾಗಿಯೇ ಪ್ರತ್ಯೇಕ ಅಪೀಲು ಈಗ ದಾಖಲಾಗಿದೆ. ಫಲವೇನೆಂಬುದು ನ್ಯಾಯಾಲಯಕ್ಕೆ ಬಿಟ್ಟುದು.

ಇಷ್ಟಕ್ಕೆ ಮುಗಿಸಿದರೆ ಈ ಬರಹ ಅರ್ಧವಾದೀತು. ಸತ್ತವನಿಗೂ ಮನೆಯಿದೆ. ಅದು ಇದೇ ತಾಯಿಯ ಮನೆಯಿಂದ ಎರಡು ಓಣಿ ಆಚೆ. ನಾವು ಅಲ್ಲಿಗೂ ಹೋದೆವು. ಗಂಡನನ್ನು ಕಳೆದುಕೊಂಡ ಆ ಹೆಣ್ಣುಮಗಳು ಬಾಗಿಲಲ್ಲಿ ನಿಂತೇ ಮಾತನಾಡಿದಳು. “ಅವ ಹೊಡೀಲಿಲ್ಲ ಅಂತ ನನಗೂ ಗೊತ್ತೈತ್ರೀ. ಆದ್ರ ಅಡ್ಡನೂ ಬರಲಿಲ್ಲ. ಒಬ್ಬರರ ‘ಬಿಡ್ರೋ, ಸಾಕು’ ಅಂದಿದ್ರ ನಮ್ಮನಿಯವರು ಉಳೀತಿದ್ರು.” ನಾವು ಉತ್ತರ ಕೊಡಲಾರದೆ ತಲೆ ತಗ್ಗಿಸಿದೆವು.

ಇಂಥ ಮನೆಯವರಿಗೂ ಕಾನೂನು ದಾರಿ ತೆರೆದಿದೆ. ಆರೋಪಿಗಳನ್ನು ಬಿಟ್ಟರೆ, ಅಥವಾ ಸಣ್ಣ ಅಪರಾಧಕ್ಕೆ ಮಾತ್ರ ಶಿಕ್ಷಿಸಿದರೆ, ಅಪೀಲು ಹೋಗುವ ಹಕ್ಕು 2009ರ ಕೊನೆಯ ದಿನದಿಂದ ಸಂತ್ರಸ್ತರಿಗೂ ಇದೆ. ನಮ್ಮ ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ, ಬಿಡುಗಡೆಯ ವಿರುದ್ಧದ ಇಂಥ ಅಪೀಲಿಗೆ ಸಂತ್ರಸ್ತರು ವಿಶೇಷ ಅನುಮತಿ ಪಡೆಯಬೇಕಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2018ರ ಅಕ್ಟೋಬರ್ 12ರಂದು ತೀರ್ಮಾನಿಸಿತು. ಪರಿಹಾರಕ್ಕಾಗಿಯೂ ಅದೇ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಬಹುದು. ಇದನ್ನು ಆಕೆಗೂ ತಿಳಿಸಿ ಬಂದೆವು.

ಅದೇ 2018ರ ಜುಲೈಯಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ಸುಳ್ಳು ಸುದ್ದಿಯನ್ನು ನಂಬಿದ ಜನಸಮೂಹ ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಹೊಡೆದು ಕೊಂದಿತು. ಬಿಡಿಸಲು ಹೋದ ಪೊಲೀಸರಿಗೂ ಗಾಯಗಳಾದವು. ಅದೇ ತಿಂಗಳ 17ರಂದು ಸರ್ವೋಚ್ಚ ನ್ಯಾಯಾಲಯ, ಗುಂಪುಹಲ್ಲೆಯನ್ನು ತಡೆಯಲು ಪ್ರತಿ ಜಿಲ್ಲೆಯಲ್ಲಿ ಹಿರಿಯ ಪೊಲೀಸ್ ಅಧಿಕಾರಿಯೊಬ್ಬರನ್ನು ನೇಮಿಸಬೇಕೆಂದು ಆದೇಶಿಸಿತು. ಹೊಸ ಸಂಹಿತೆಯ 103(2)ನೆಯ ಕಲಮಿನಂತೆ, ಐವರು ಅಥವಾ ಹೆಚ್ಚು ಜನ ಕೂಡಿ ಜಾತಿ, ಭಾಷೆ, ಹುಟ್ಟಿದ ಊರು ಮುಂತಾದ ಕಾರಣಕ್ಕೆ ಒಬ್ಬನನ್ನು ಕೊಂದರೆ ಗುಂಪಿನ ಪ್ರತಿಯೊಬ್ಬನಿಗೂ ಮರಣದಂಡನೆ ಇಲ್ಲವೆ ಜೀವಾವಧಿ ಶಿಕ್ಷೆಯಾಗತಕ್ಕದ್ದು.

ಬಂಧುಗಳೇ, ನಿಮ್ಮ ಮನೆಯ ಮಕ್ಕಳಿಗೆ ಈ ಮಾತನ್ನು ಹೇಳಿರಿ. ಗೆಳೆಯರು ಕರೆದರೆಂದು ಜಗಳಕ್ಕೆ ಜೊತೆಯಾಗಬೇಡಿರಿ. ತಿಳಿಯದೆ ಹೋಗಿದ್ದರೆ ಅಲ್ಲಿಂದ ಹೊರಬನ್ನಿರಿ. ಆದಮಟ್ಟಿಗೆ ‘ಸಾಕು’ ಎಂದು ಕೂಗಿರಿ, ಪೊಲೀಸರಿಗೆ ತಿಳಿಸಿರಿ. ಕೈಯೆತ್ತದವನಿಗೆ ಭಯವಿಲ್ಲವೆಂದು ಒಂದು ಕಾಲಕ್ಕೆ ನಾವು ನುಡಿದಿದ್ದೆವು. ಹೊಡೆಯಲು ಕೈಯೆತ್ತದಿದ್ದರೆ ಸಾಲದು, ತಡೆಯಲು ಕೈಯೆತ್ತಬೇಕಾಗಿತ್ತು ಎಂದು ಆ ಹೆಣ್ಣುಮಗಳು ನಮ್ಮನ್ನು ತಿದ್ದಿದ್ದಾಳೆ. ಮಗನ ಅಪೀಲಿನ ತೀರ್ಪು ಏನೇ ಬರಲಿ, ಈ ಮಾತಿಗೆ ಮೇಲ್ಮನವಿಯಿಲ್ಲ.