ಟಾನ್ಸಿಲ್ ಆಪರೇಷನ್: ಮನೆಗೆ ಬಂದ ಮೇಲಿನ ಎರಡು ವಾರ

"ಟಾನ್ಸಿಲ್ ತೆಗೆಸುವುದೇನು ದೊಡ್ಡ ಆಪರೇಷನ್ನೇ? ಎರಡು ದಿನ ಐಸ್‌ಕ್ರೀಂ ತಿಂದುಕೊಂಡು ಮಲಗಿದರಾಯಿತು." ಈ ಮಾತು ನೆಂಟರಿಷ್ಟರ ಬಾಯಲ್ಲಿ ಮಾತ್ರವಲ್ಲ, ಕೆಲವೊಮ್ಮೆ ವೈದ್ಯರ ಬಾಯಲ್ಲೂ ಬರುವುದುಂಟು. ಆರು ವರ್ಷದ ಮಗುವಿನ ವಿಷಯದಲ್ಲಿ ಇದು ಅರ್ಧ ನಿಜ. ಹದಿನೇಳು ವರ್ಷದ ಪಿಯುಸಿ ಹುಡುಗಿಗೋ, ಮೂವತ್ತು ದಾಟಿದ ಬ್ಯಾಂಕ್ ನೌಕರನಿಗೋ ಇದನ್ನೇ ಹೇಳಿದರೆ ಅದು ಸುಳ್ಳು. ಸುಳ್ಳೆಂದು ಅವರಿಗೆ ಗೊತ್ತಾಗುವುದು ಆಪರೇಷನ್ ಆದ ದಿನವಲ್ಲ, ಐದನೆಯ ದಿನ.

ಮೈಸೂರಿನಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಗಳು ಮುಗಿಯುವುದೇ ತಡ, "ರಜೆಯಲ್ಲೇ ಟಾನ್ಸಿಲ್ ತೆಗೆಸಿಬಿಡೋಣ ಡಾಕ್ಟ್ರೇ" ಎನ್ನುತ್ತ ತಂದೆತಾಯಿಯರು ಬರುತ್ತಾರೆ. ರಜೆಯಲ್ಲಿ ಮಾಡಿಸುವುದು ಒಳ್ಳೆಯದೇ. ಆದರೆ ಲೆಕ್ಕ ಹಾಕುವಾಗ ಆಪರೇಷನ್ನಿಗೆ ಒಂದು ದಿನ, ವಿಶ್ರಾಂತಿಗೆ ಮೂರು ದಿನ, ಅದಾದ ಮೇಲೆ ಸಿಇಟಿ ಕೋಚಿಂಗ್ ಎಂದು ಗೆರೆ ಎಳೆದಿರುತ್ತಾರೆ. ನನ್ನ ತಕರಾರು ಇರುವುದು ಈ ಲೆಕ್ಕದ ಬಗ್ಗೆ. ಹದಿಹರೆಯದವರಿಗೆ ಮತ್ತು ದೊಡ್ಡವರಿಗೆ ಪೂರ್ತಿ ಎರಡು ವಾರ ಬೇಕು. ಅಷ್ಟು ಬಿಡುವು ಇಲ್ಲವಾದರೆ ತಾರೀಖನ್ನೇ ಮುಂದೆ ಹಾಕಿ.

ದೊಡ್ಡವರಿಗೇಕೆ ಹೆಚ್ಚು ತೊಂದರೆ? ಮಕ್ಕಳ ಟಾನ್ಸಿಲ್ ಸಾಮಾನ್ಯವಾಗಿ ತನ್ನ ಗೂಡಿನಿಂದ ಸುಲಭವಾಗಿ ಬಿಡಿಸಿಕೊಂಡು ಬರುತ್ತದೆ. ವರ್ಷಗಟ್ಟಲೆ ಸೋಂಕು ತಗುಲಿ, ವಾಸಿಯಾಗಿ, ಮತ್ತೆ ತಗುಲಿದ ಟಾನ್ಸಿಲ್ ಪಕ್ಕದ ಸ್ನಾಯುವಿಗೆ ಅಂಟಿಕೊಂಡಿರುತ್ತದೆ. ಬಿಡಿಸುವಾಗ ಸ್ನಾಯುವಿಗೂ ಪೆಟ್ಟು ಬೀಳುತ್ತದೆ. ಅಪೆಂಡಿಕ್ಸ್ ತೆಗೆದರೆ ಹೊಲಿಗೆ ಹಾಕಿ, ಮೇಲೆ ಪಟ್ಟಿ ಅಂಟಿಸಿ, "ಅಲುಗಾಡಿಸಬೇಡಿ" ಎನ್ನುತ್ತೇವೆ. ಗಂಟಲಿನ ಗಾಯಕ್ಕೆ ಪಟ್ಟಿಯೂ ಇಲ್ಲ, ವಿಶ್ರಾಂತಿಯೂ ಇಲ್ಲ. ಅದು ತೆರೆದೇ ಇದ್ದು, ತಳದಿಂದ ತಾನಾಗಿ ಮಾಗಬೇಕು. ಉಗುಳು ನುಂಗಿದಾಗಲೂ ಅದು ಕದಲುತ್ತದೆ.

ನೋವಿನ ನಡೆಯೂ ವಿಚಿತ್ರ. ಬೇರೆ ಆಪರೇಷನ್‌ಗಳಲ್ಲಿ ದಿನದಿಂದ ದಿನಕ್ಕೆ ನೋವು ಇಳಿಯುತ್ತದೆ. ಇಲ್ಲಿ ಹಾಗಲ್ಲ. ಮೊದಲ ದಿನ ಅರಿವಳಿಕೆಯ ಜೊತೆ ಕೊಟ್ಟ ಔಷಧಿಗಳ ಬಲದಿಂದ ರೋಗಿ ಎದ್ದು ಕೂತು ಇಡ್ಲಿ ತಿನ್ನುತ್ತಾನೆ. "ನೋಡಿ, ಎಷ್ಟು ಚೆನ್ನಾಗಿದ್ದಾನೆ" ಎಂದು ಮನೆಯವರು ಸಂತೋಷಪಡುತ್ತಾರೆ. ಮೂರನೆಯ ದಿನದಿಂದ ನೋವು ಏರತೊಡಗಿ, ಐದಾರನೆಯ ದಿನಗಳಲ್ಲಿ ತುದಿ ಮುಟ್ಟಿ, ಹತ್ತನೆಯ ದಿನದ ಹೊತ್ತಿಗೆ ಇಳಿಯುತ್ತದೆ. ಬೆಳಗಿನ ಜಾವ ಗಂಟಲು ಒಣಗಿರುವುದರಿಂದ ಆಗ ಇನ್ನೂ ಜಾಸ್ತಿ. ಹಲವರಿಗೆ ಗಂಟಲಿಗಿಂತ ಕಿವಿಯೇ ಹೆಚ್ಚು ನೋಯುತ್ತದೆ. ಕಿವಿಗೆ ಏನೂ ಆಗಿರುವುದಿಲ್ಲ. ಟಾನ್ಸಿಲ್ ಜಾಗದಿಂದ ನೋವಿನ ಸುದ್ದಿ ಒಯ್ಯುವ ನರದ ಒಂದು ಕವಲು ಕಿವಿಗೂ ಹೋಗುತ್ತದೆ, ಮಿದುಳಿಗೆ ವಿಳಾಸ ಅದಲುಬದಲಾಗುತ್ತದೆ, ಅಷ್ಟೆ. ದಯವಿಟ್ಟು ಕಿವಿಗೆ ಬೆಚ್ಚಗಿನ ಎಣ್ಣೆ ಬಿಡಬೇಡಿ.

ಇದೇ ಸಮಯದಲ್ಲಿ ಯಾರಾದರೂ ಟಾರ್ಚ್ ಹಿಡಿದು ಬಾಯೊಳಗೆ ಇಣುಕುತ್ತಾರೆ, ಗಾಬರಿಯಾಗುತ್ತಾರೆ. ಎರಡೂ ಪಕ್ಕ ದಪ್ಪನೆಯ ಬಿಳಿ ಪೊರೆ, ಬಾಯಿಂದ ಕೆಟ್ಟ ವಾಸನೆ. "ಕೀವಾಗಿದೆ, ಇನ್ನೂ ಜೋರಾದ ಆಂಟಿಬಯಾಟಿಕ್ ಬರೆದುಕೊಡಿ" ಎಂದು ಓಡಿ ಬರುತ್ತಾರೆ. ಅದು ಕೀವಲ್ಲ. ಮೊಣಕಾಲು ತರಚಿದರೆ ಕಂದು ಹೆಕ್ಕಳೆ ಕಟ್ಟುತ್ತದಲ್ಲ, ಸದಾ ಒದ್ದೆಯಾಗಿರುವ ಗಂಟಲಿನಲ್ಲಿ ಅದೇ ಹೆಕ್ಕಳೆ ಬೆಳ್ಳಗೆ ಕಾಣುತ್ತದೆ. ಬೆರಳಿಂದಲೋ ಬ್ರಷ್ಷಿಂದಲೋ ಅದನ್ನು ಕೆರೆಯಬೇಡಿ. ಅರಿಸಿನ ಉಪ್ಪು ಹಾಕಿ ಗಳಗಳ ಎಂದು ಬಾಯಿ ಮುಕ್ಕಳಿಸುವ ಉತ್ಸಾಹವೂ ಬೇಡ. ಮೆಲ್ಲಗೆ ನೀರಾಡಿಸಿ ಉಗಿದರೆ ಸಾಕು. ಹಲ್ಲು ಮಾತ್ರ ದಿನವೂ ಉಜ್ಜಬೇಕು.

ಇನ್ನು ಪಥ್ಯದ ವಿಷಯ. ಇಲ್ಲಿ ನನಗೆ ಅಜ್ಜಿಯಂದಿರೊಡನೆ ಜಗಳವಿದೆ. ನಮ್ಮ ಕಡೆಯ ಮನೆಗಳಲ್ಲಿ ಗಂಟಲಿನ ಕಾಯಿಲೆ ಎಂದರೆ ಮೊದಲ ಕಟ್ಟಳೆ "ತಣ್ಣಗಿರೋದು ಮುಟ್ಟಿಸಬೇಡಿ, ಶೀತ ಆಗುತ್ತೆ". ಮಜ್ಜಿಗೆ ಬಂದ್, ಎಳನೀರು ಬಂದ್, ಬಾಳೆಹಣ್ಣು ಬಂದ್. ಬದಲಿಗೆ ಸುಡುಸುಡು ಮೆಣಸಿನ ಸಾರು. ಟಾನ್ಸಿಲ್ ತೆಗೆಸಿಕೊಂಡವರ ಮಟ್ಟಿಗೆ ಈ ಪಥ್ಯ ಪೂರ್ತಿ ತಲೆಕೆಳಗು. ತಣ್ಣನೆಯದು ನೋವನ್ನೂ ಬಾವನ್ನೂ ತಗ್ಗಿಸುತ್ತದೆ. ಸುಡುವುದು, ಖಾರ, ಹುಳಿ ಮೂರೂ ಹಸಿಗಾಯಕ್ಕೆ ಉರಿ. ಐಸ್‌ಕ್ರೀಂ ತಿನ್ನಬಹುದು, ತಿನ್ನಲೇಬೇಕು ಎಂದೇನಿಲ್ಲ. ತಣ್ಣನೆಯ ರಾಗಿ ಅಂಬಲಿ, ನೀರು ಮಜ್ಜಿಗೆ, ಎಳನೀರು, ಒಗ್ಗರಣೆ ಇಲ್ಲದ ಮೊಸರನ್ನ, ಆರಿದ ಗಂಜಿ, ಸಬ್ಬಕ್ಕಿ ಪಾಯಸ, ಹಾಲಿನಲ್ಲಿ ನೆನೆಸಿದ ಬ್ರೆಡ್ಡು ಎಲ್ಲವೂ ಆಗಬಹುದು. ನಂಜನಗೂಡಿನ ರಸಬಾಳೆ ಸಿಕ್ಕರೆ ನೀವು ಪುಣ್ಯವಂತರು; ಸಿಗದಿದ್ದರೆ ಯಾವ ಕಳಿತ ಬಾಳೆಹಣ್ಣಾದರೂ ಸರಿ. ಮೂರ್ನಾಲ್ಕು ದಿನ ಕಳೆದ ಮೇಲೆ ಮೆತ್ತನೆಯ ಇಡ್ಲಿ, ಬಿಸಿ ಆರಿದ ಅನ್ನ ಬೇಳೆಕಟ್ಟು. ಕೋಡುಬಳೆ, ಚಕ್ಕುಲಿ, ಗರಿಗರಿ ದೋಸೆಯ ಅಂಚು ಎರಡು ವಾರ ಡಬ್ಬದಲ್ಲೇ, ಕಾವಲಿಯಲ್ಲೇ ಇರಲಿ. ಎಲೆ ಅಡಿಕೆ, ಬೀಡಿ ಸಿಗರೇಟು, ಮದ್ಯ ಯಾವುದೂ ಬೇಡ.

ತಿನ್ನುವುದಕ್ಕಿಂತ ಕುಡಿಯುವುದು ಮುಖ್ಯ. ನಾಲ್ಕು ದಿನ ಊಟ ಕಡಿಮೆಯಾದರೆ ಪರವಾಗಿಲ್ಲ, ನೀರು ಕಡಿಮೆಯಾಗಬಾರದು. ನೋವೆಂದು ಕುಡಿಯುವುದು ಬಿಟ್ಟರೆ ಗಂಟಲು ಒಣಗುತ್ತದೆ, ಒಣಗಿದರೆ ನೋವು ಏರುತ್ತದೆ, ಏರಿದರೆ ಇನ್ನೂ ಕುಡಿಯುವುದಿಲ್ಲ. ಕೊನೆಗೆ ಡ್ರಿಪ್ ಹಾಕಿಸಿಕೊಳ್ಳಲು ಮತ್ತೆ ಆಸ್ಪತ್ರೆ ಸೇರಬೇಕಾಗುತ್ತದೆ. ದಿನಕ್ಕೆ ಸುಮಾರು ಎರಡು ಲೀಟರಿನಷ್ಟು ದ್ರವ ಒಳಗೆ ಹೋಗಬೇಕು. ಒಂದೇ ಸಲ ಲೋಟ ಎತ್ತಬೇಕಿಲ್ಲ. ಎಚ್ಚರವಿದ್ದಾಗಲೆಲ್ಲ ಗುಟುಕು ಗುಟುಕಾಗಿ. ಮೂತ್ರ ಗಾಢ ಹಳದಿಯಾಗಿದ್ದರೆ ಅಥವಾ ಬೆಳಗಿನಿಂದ ಸಂಜೆಯವರೆಗೆ ಹೋಗಿಯೇ ಇಲ್ಲವೆಂದರೆ ವೈದ್ಯರಿಗೆ ತಿಳಿಸಿ. ಮೊದಲ ಕೆಲವು ದಿನ ಕುಡಿದ ನೀರು ಮೂಗಿನಿಂದ ಬರಬಹುದು. ಅಂಗುಳ ಇನ್ನೂ ಸರಿಯಾಗಿ ಮೇಲೇಳುತ್ತಿಲ್ಲ ಎಂದಷ್ಟೇ ಅದರ ಅರ್ಥ. ಸಾಮಾನ್ಯವಾಗಿ ತಾನೇ ಸರಿಹೋಗುತ್ತದೆ.

ನೋವಿನ ಮಾತ್ರೆಯ ಬಗ್ಗೆ ನಮ್ಮ ಜನಕ್ಕೆ ಒಂದು ಅಭಿಮಾನ. "ತಡೆದುಕೊಂಡೆ ಡಾಕ್ಟ್ರೇ, ಮಾತ್ರೆ ತಗೊಳ್ಳಲೇ ಇಲ್ಲ" ಎಂದು ಹೇಳುವಾಗ ಮುಖದಲ್ಲಿ ಪದಕ ಗೆದ್ದ ಕಳೆ. ಈ ಆಪರೇಷನ್ನಿನಲ್ಲಿ ಆ ಶೌರ್ಯ ಬೇಡ. ನುಂಗುವಷ್ಟು ನೋವು ತಗ್ಗಲೆಂದೇ ಮಾತ್ರೆ ಬರೆದಿರುವುದು. ನೋವು ಬಂದ ಮೇಲೆ ಹುಡುಕಬೇಡಿ, ಗಡಿಯಾರ ನೋಡಿ ನುಂಗಿ. ಊಟಕ್ಕೆ ಅರ್ಧ ಗಂಟೆ ಮುಂಚೆ ಬೀಳುವಂತೆ ಹೊಂದಿಸಿಕೊಳ್ಳಿ. ಪ್ಯಾರಾಸಿಟಮಾಲ್ ಆದರೆ ವಯಸ್ಕರಿಗೆ ದಿನಕ್ಕೆ 4 ಗ್ರಾಂ ದಾಟಬಾರದು, ತೂಕ 50 ಕಿಲೋಗಿಂತ ಕಡಿಮೆ ಇದ್ದವರಿಗೆ ಅದಕ್ಕಿಂತಲೂ ಕಡಿಮೆ. ಅನೇಕ ನೆಗಡಿ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಆಸ್ಪಿರಿನ್ ಬೇಡ, ಅದು ರಕ್ತ ಹೆಪ್ಪುಗಟ್ಟುವುದಕ್ಕೆ ಅಡ್ಡಿ. ಹೃದ್ರೋಗಕ್ಕೆಂದು ಅದನ್ನು ಮೊದಲೇ ನುಂಗುತ್ತಿರುವವರು ತಾವಾಗಿ ನಿಲ್ಲಿಸದೆ ಇಬ್ಬರೂ ವೈದ್ಯರನ್ನು ಕೇಳಬೇಕು. ಟ್ರಮಡಾಲ್ ಎಂಬ ನೋವಿನ ಔಷಧಿಯನ್ನು ಟಾನ್ಸಿಲ್ ಆಪರೇಷನ್ ನಂತರ 18 ವರ್ಷದೊಳಗಿನವರಿಗೆ ಕೊಡಲೇಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ವಿಧಿಸಿತು; ಕೆಲವು ಮಕ್ಕಳಲ್ಲಿ ಅದು ಉಸಿರಾಟವನ್ನೇ ಕುಗ್ಗಿಸುತ್ತದೆ. ಅಪ್ಪನ ಸೊಂಟನೋವಿಗೆ ತಂದಿಟ್ಟ ಮಾತ್ರೆಯನ್ನು ಮಗನಿಗೆ ಕೊಡುವ ಮನೆಗಳು ಇದನ್ನು ಗಮನಿಸಬೇಕು.

ಈಗ ರಕ್ತಸ್ರಾವದ ಮಾತು. ನಾನು ಎರಡು ವಾರ ಎಂದು ಹಟ ಹಿಡಿಯುವುದು ಇದಕ್ಕಾಗಿಯೇ. ಮೊದಲ 24 ಗಂಟೆಗಳಲ್ಲಿ ರಕ್ತ ಬಂದರೆ ಬಹುಮಟ್ಟಿಗೆ ರೋಗಿ ಇನ್ನೂ ಆಸ್ಪತ್ರೆಯಲ್ಲೋ ಅದರ ಹತ್ತಿರದಲ್ಲೋ ಇರುತ್ತಾನೆ. ಆದರೆ ಬಿಳಿ ಹೆಕ್ಕಳೆ ಕಳಚಿ ಬೀಳುವ ಐದರಿಂದ ಹತ್ತನೆಯ ದಿನಗಳ ನಡುವೆ ಮತ್ತೊಮ್ಮೆ ರಕ್ತ ಬರುವ ಸಂಭವವಿದೆ, ಆಗ ಆತ ಮನೆಯಲ್ಲಿರುತ್ತಾನೆ. ಬ್ರಿಟನ್ನಿನಲ್ಲಿ 2003-04ರಲ್ಲಿ 33 ಸಾವಿರಕ್ಕೂ ಹೆಚ್ಚು ಟಾನ್ಸಿಲ್ ಆಪರೇಷನ್‌ಗಳ ಲೆಕ್ಕ ಇಟ್ಟರು. ಆಸ್ಪತ್ರೆಯಲ್ಲಿ ಉಳಿಸಿಕೊಳ್ಳಬೇಕಾದ ಅಥವಾ ಮತ್ತೆ ಸೇರಿಸಬೇಕಾದಂಥ ರಕ್ತಸ್ರಾವ ಒಟ್ಟಾರೆ ಶೇಕಡಾ 3.5 ಜನರಲ್ಲಿ ಕಂಡಿತು. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 1.9, ಹದಿನಾರು ದಾಟಿದವರಲ್ಲಿ ಶೇ. 4.9. ಅಂದರೆ ಸುಮಾರು ಇಪ್ಪತ್ತು ಜನ ದೊಡ್ಡವರಲ್ಲಿ ಒಬ್ಬರಿಗೆ. ಹೆಚ್ಚಿನವರು ಸರಿಹೋಗುತ್ತಾರೆ, ಹೆದರಿಸಲು ಹೇಳುತ್ತಿಲ್ಲ. ಆದರೆ ಸಮಯಕ್ಕೆ ಆಸ್ಪತ್ರೆ ಮುಟ್ಟದಿದ್ದರೆ ಜೀವಕ್ಕೇ ಅಪಾಯವಾಗಬಲ್ಲ ಸಂಗತಿ ಇದೊಂದೇ.

ನನ್ನ ಬಳಿ ಬರುವ ಒಬ್ಬ ತರುಣನದು ಇಂಥದೇ ಕತೆ. ಶುಕ್ರವಾರ ಆಪರೇಷನ್. ರಜೆ ಉಳಿಸಲೆಂದು ಬುಧವಾರವೇ ಕೆಲಸಕ್ಕೆ ಹೋದ. ಗಿರಾಕಿಗಳೊಂದಿಗೆ ದಿನವಿಡೀ ಮಾತು, ನೀರು ಕುಡಿಯಲು ಪುರುಸೊತ್ತಿಲ್ಲ. ಗುರುವಾರ ರಾತ್ರಿ ಉಗುಳಿನಲ್ಲಿ ಸ್ವಲ್ಪ ರಕ್ತ ಬಂತು, ನಿಂತಿತು. "ಬೆಳಗ್ಗೆ ಡಾಕ್ಟರಿಗೆ ತೋರಿಸಿದರಾಯಿತು" ಎಂದು ಮಲಗಿದ. ಅವನ ತಾಯಿ ನಿದ್ದೆಗೆಡುವ ಸ್ವಭಾವದವರು. ಮಗ ನಿದ್ದೆಯಲ್ಲಿ ಪದೇ ಪದೇ ಗುಟಕರಿಸುವುದನ್ನು ಕೇಳಿ ದೀಪ ಹಾಕಿದರು. ಅವನು ರಕ್ತ ನುಂಗುತ್ತಿದ್ದ. ಆ ರಾತ್ರಿಯೇ ಮತ್ತೊಮ್ಮೆ ಅರಿವಳಿಕೆ ಕೊಟ್ಟು ರಕ್ತನಾಳ ಕಟ್ಟಬೇಕಾಯಿತು. ಹುಡುಗ ಈಗ ಚೆನ್ನಾಗಿದ್ದಾನೆ. ಬೇಗ ಕೆಲಸಕ್ಕೆ ಹೋದದ್ದರಿಂದಲೇ ಹೀಗಾಯಿತೆಂದು ನಾನು ಹೇಳಲಾರೆ, ಮನೆಯಲ್ಲೇ ಇದ್ದವರಿಗೂ ಆಗುತ್ತದೆ. ಆದರೆ "ಸ್ವಲ್ಪ ಬಂದು ನಿಂತಿತು" ಎಂಬುದು ಸಮಾಧಾನಪಡುವ ಮಾತಲ್ಲ. ದೊಡ್ಡ ರಕ್ತಸ್ರಾವಕ್ಕೆ ಮುಂಚೆ ಎಷ್ಟೋ ಸಲ ಇಂಥ ಸಣ್ಣದೊಂದು ಬಂದು ಹೋಗುತ್ತದೆ.

ಆದ್ದರಿಂದ ಉಗುಳಿನಲ್ಲಿ ಎಳೆಯಂತೆ ಕೆಂಪು ಕಂಡರೆ ಶಸ್ತ್ರವೈದ್ಯರಿಗೆ ಆಗಲೇ ಫೋನ್ ಮಾಡಿ. ತಾಜಾ ಕೆಂಪು ರಕ್ತ ಬಂದರೆ, ಹೆಪ್ಪುಗಟ್ಟಿದ ಚೂರು ಬಂದರೆ, ವಾಂತಿಯಲ್ಲಿ ಕಂಡರೆ, ಅದು ನಿಂತಿದ್ದರೂ ಹೊರಡಿ. ರೋಗಿಯನ್ನು ಅಂಗಾತ ಮಲಗಿಸಬೇಡಿ. ಕೂರಿಸಿ, ಮುಂದಕ್ಕೆ ಬಾಗಿಸಿ, ನುಂಗದೆ ಪಾತ್ರೆಗೆ ಉಗಿಯಲು ಹೇಳಿ. ಮತ್ತೆ ಅರಿವಳಿಕೆ ಬೇಕಾಗಬಹುದು, ಹಾಗಾಗಿ ಕಾಫಿ, ಹಾಲು, ಗ್ಲೂಕೋಸ್ ಏನನ್ನೂ ಕುಡಿಸಬೇಡಿ. ಹೋಗಬೇಕಾದದ್ದು ರಾತ್ರಿಯೂ ಆಪರೇಷನ್ ಥಿಯೇಟರ್ ತೆರೆದಿರುವ ಆಸ್ಪತ್ರೆಗೆ. ನನ್ನಂಥವರ ಕ್ಲಿನಿಕ್ಕಿಗೆ ಬಂದು ಅರ್ಧ ಗಂಟೆ ಕಳೆಯಬೇಡಿ, ಇಲ್ಲಿ ಮಾಡುವಂಥದ್ದು ಏನೂ ಇಲ್ಲ. ವಾಹನವಿಲ್ಲದಿದ್ದರೆ 108.

ಊರ ಹೊರಗಿನವರಿಗೆ ಒಂದು ವಿಶೇಷ ಮಾತು. ಎಚ್.ಡಿ. ಕೋಟೆ, ಗುಂಡ್ಲುಪೇಟೆ, ಕೊಳ್ಳೇಗಾಲ, ಬೆಟ್ಟದ ಆಚೆಯ ಹಾಡಿಗಳಿಂದ ಬಂದು ಇಲ್ಲಿ ಆಪರೇಷನ್ ಮಾಡಿಸಿಕೊಂಡು ಮಾರನೆಯ ದಿನ ಬಸ್ ಹತ್ತುವವರಿದ್ದಾರೆ. ಮೈಸೂರಿನಲ್ಲಿ ಸೋದರತ್ತೆಯೋ ಚಿಕ್ಕಪ್ಪನೋ ಇದ್ದರೆ ಹತ್ತು ದಿನ ಅಲ್ಲೇ ಉಳಿಯಿರಿ. ಮದುವೆಗೆಂದು ಹದಿನೈದು ದಿನ ಉಳಿಯುವ ನಾವು ಇದಕ್ಕೆ ಸಂಕೋಚಪಡಬೇಕಾಗಿಲ್ಲ.

ನಗರದವರಿಗೂ ಒಂದೆರಡು ಕಟ್ಟುಗಳಿವೆ. ಇದು ಯೋಗದ ಊರು, ನಿಜ. ಆದರೂ ಶೀರ್ಷಾಸನ, ಸರ್ವಾಂಗಾಸನ, ಕಪಾಲಭಾತಿ, ಜಲನೇತಿ ಎಲ್ಲವೂ ಎರಡು ವಾರ ನಿಲ್ಲಲಿ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲೂ, ಜಿಮ್ಮಿನ ಭಾರವೂ ಕಾಯಲಿ. ಸಂಗೀತ ಕಲಿಯುವ ಹುಡುಗಿಯರ ತಾಯಂದಿರು "ಕಂಠ ಹೋಗಿಬಿಡುತ್ತದೆಯೇ?" ಎಂದು ಕೇಳುತ್ತಾರೆ. ಸ್ವರ ಹುಟ್ಟುವುದು ಅದಕ್ಕಿಂತ ಕೆಳಗಿನ ಧ್ವನಿಪೆಟ್ಟಿಗೆಯಲ್ಲಿ. ಟಾನ್ಸಿಲ್ ತೆಗೆದರೆ ಅದಕ್ಕೆ ಕೈ ಹಾಕಿದಂತಾಗುವುದಿಲ್ಲ. ಗಂಟಲಿನ ಜಾಗ ಬದಲಾದ್ದರಿಂದ ಕೆಲವು ವಾರ ನಾದ ಬೇರೆಯಾಗಿ ಕೇಳಬಹುದು. ಗಾಯ ಪೂರ್ತಿ ಮಾಗಿದೆ ಎಂದು ಶಸ್ತ್ರವೈದ್ಯರು ಹೇಳುವವರೆಗೆ ತಂಬೂರಿಗೆ ರಜೆ ಕೊಡಿ. ಆಮೇಲೂ ಧ್ವನಿ ಸರಿಹೋಗದಿದ್ದರೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ನಮ್ಮೂರಲ್ಲೇ ಇದೆ.

ಇಷ್ಟೆಲ್ಲ ಪಡಿಪಾಟಲಿದ್ದರೆ ಆಪರೇಷನ್ನೇ ಬೇಡವಲ್ಲ ಎನ್ನುತ್ತೀರಾ? ಹಾಗಲ್ಲ. ವರ್ಷಕ್ಕೆ ಏಳು ಬಾರಿ ಅಥವಾ ಎರಡು ವರ್ಷ ಸತತವಾಗಿ ಐದೈದು ಬಾರಿ ಜ್ವರ ಬಂದು, ನುಂಗಲಾರದಂತೆ ಗಂಟಲು ಬಾತು ಮಲಗುವವರಿಗೆ, ಟಾನ್ಸಿಲ್ ಪಕ್ಕದಲ್ಲಿ ಮತ್ತೆ ಮತ್ತೆ ಕೀವು ತುಂಬುವವರಿಗೆ ಇದು ದೊಡ್ಡ ಬಿಡುಗಡೆ. ಬ್ರಿಟನ್ನಿನ 27 ಆಸ್ಪತ್ರೆಗಳಲ್ಲಿ 453 ವಯಸ್ಕರನ್ನು ಎರಡು ವರ್ಷ ಗಮನಿಸಿದ ಅಧ್ಯಯನವೊಂದು 2023ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಆಪರೇಷನ್ ಆದವರ ಗುಂಪಿನ ನಡುವಿನ ವ್ಯಕ್ತಿಗೆ ಆ ಅವಧಿಯಲ್ಲಿ 23 ದಿನ ಗಂಟಲು ನೋವಿತ್ತು, ಔಷಧಿಯಲ್ಲೇ ಮುಂದುವರಿದವರ ಗುಂಪಿನಲ್ಲಿ 30 ದಿನ. ಲಾಭ ಖಂಡಿತ ಇದೆ. ವರ್ಷಕ್ಕೊಮ್ಮೆ ಎರಡು ಬಾರಿ ನೋಯುವವರು ಅದಕ್ಕಾಗಿ ಎರಡು ವಾರ ಕೊಡಬೇಕೇ ಎಂಬುದನ್ನು ಕಿವಿ ಮೂಗು ಗಂಟಲು ತಜ್ಞರ ಮುಂದೆ ಕುಳಿತು ತೂಗಿ ನೋಡಲಿ.

ಮಾಡಿಸುವುದೆಂದು ತೀರ್ಮಾನಿಸಿದ ಮೇಲೆ ತಜ್ಞರಿಂದ ಎರಡು ವಸ್ತು ಕೇಳಿ ಪಡೆಯಿರಿ. ಒಂದು, ಹದಿನಾಲ್ಕು ದಿನದ ರಜೆಯ ಸರ್ಟಿಫಿಕೇಟು. ಇನ್ನೊಂದು, ರಾತ್ರಿ ಎರಡು ಗಂಟೆಗೆ ಮಾಡಿದರೂ ಎತ್ತುವ ಒಂದು ಫೋನ್ ನಂಬರು. ಆ ನಂಬರನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ, ಅಜ್ಜಿಗೂ ಕಾಣುವಂತೆ.